ಎಮ್ಮೆಗೆ ಜ್ವರ, ಡಾಕ್ಟ್ರಿಗೆ ಬರೆ

ಅಮೆರಿಕದಲ್ಲಿ ಡಾಕ್ಟ್ರಾದ್ರೆ ಲೈಫ್ ಸೆಟ್ಲ್ ಅನ್ಕೊಂಡಿರೋರು ಸ್ವಲ್ಪ ಮೆಡಿಕೇರ್ ಕಥೆ ಕೇಳಿ. 65 ದಾಟಿದೋರಿಗೆ ಸರ್ಕಾರ ಕೊಡೋ ಇನ್ಶೂರೆನ್ಸು ಅದು, ಖರ್ಚು ಕೈಮೀರ್ತಿದೆ ಅಂತ 1997ರಲ್ಲಿ ಒಂದು ಫಾರ್ಮುಲಾ ತಂದ್ರು. ದೇಶದ ಎಲ್ಲಾ ಡಾಕ್ಟರುಗಳ ಒಟ್ಟು ಬಿಲ್ಲು ಜಿಡಿಪಿಗಿಂತ ಜೋರಾಗಿ ಓಡಿದ್ರೆ ಎಲ್ಲರ ಫೀಸಿಗೂ ಕತ್ತರಿ. ಅಂದ್ರೆ ಎಲ್ಲೋ ಒಬ್ಬ ಸ್ಪೆಷಲಿಸ್ಟು ತಲೆನೋವು ಅಂದೋರಿಗೆಲ್ಲ ಸ್ಕ್ಯಾನ್ ಬರೀತಾ ಕೂತ್ರೆ, ಇನ್ನೆಲ್ಲೋ ಬಿಪಿ ನೋಡ್ಕೊಂಡು ತೆಪ್ಪಗಿರೋ ಡಾಕ್ಟ್ರಿಗೆ ಬರೆ.

2002ರಲ್ಲಿ 4.8% ಕತ್ತರಿಸಿಯೇ ಬಿಟ್ರು. ಆಮೇಲೆ ಅಲ್ಲಿನ ಕಾಂಗ್ರೆಸ್ಸಿಗೆ (ಅವರ ಸಂಸತ್ತು ಸ್ವಾಮಿ, ಕೈ ಗುರ್ತಿಂದಲ್ಲ) ಜ್ಞಾನೋದಯ ಆಯ್ತು, ಫಾರ್ಮುಲಾನೇ ತಪ್ಪು ಅಂತ. ತಪ್ಪು ಅಂದ್ಮೇಲೆ ಕಿತ್ತಾಕ್ಬೇಕಲ್ವಾ? ಇಲ್ಲ, ಕಿತ್ತಾಕಿದ್ರೆ ಬಜೆಟ್ ಪುಸ್ತಕದಲ್ಲಿ ಲೆಕ್ಕ ಕೆಡುತ್ತೆ, ಹಂಗಾಗಿ ಕಟ್ ಬರೋ ಟೈಮಿಗೆ ಮೇಲೊಂದು ಬ್ಯಾಂಡೇಜು, ಅದು ಮುಗಿಯೋಷ್ಟರಲ್ಲಿ ಇನ್ನೊಂದು, 2003ರಿಂದ 2014ರೊಳಗೆ ಒಟ್ಟು 17 ಸಲ! ಯಾವುದಾದ್ರೂ ಡಾಕ್ಟ್ರು ಪೇಷೆಂಟಿಗೆ ಹಿಂಗೆ ಮಾಡಿದ್ರೆ ಲೈಸೆನ್ಸ್ ಉಳೀತಿತ್ತಾ?

2010 ಅಂತೂ ಸೂಪರ್. ಮಾರ್ಚಲ್ಲಿ ಒಬಾಮಾ ಅಷ್ಟು ದೊಡ್ಡ ಆರೋಗ್ಯ ಸುಧಾರಣೆಗೆ ಸೈನ್ ಹಾಕಿದ್ರು, ಇದೊಂದು ಫಾರ್ಮುಲಾ ಮಾತ್ರ ಹಂಗೇ ಉಳೀತು. ಜೂನಲ್ಲಿ 21% ಕಟ್ ಬಂತು, ಮೊದಲು ಮೆಡಿಕೇರ್ನೋರು ಡಾಕ್ಟ್ರುಗಳ ಬಿಲ್ಲೆಲ್ಲಾ ತಡೆದಿಟ್ಕೊಂಡ್ರು, ಆಮೇಲೆ ಕಟ್ ಮಾಡಿದ ರೇಟಲ್ಲೇ ಪಾಸ್ ಮಾಡೋಕೆ ಶುರು ಮಾಡಿದ್ರು, ಒಂದು ವಾರಕ್ಕೆ ಕಾಂಗ್ರೆಸ್ ಎದ್ದು ಕಟ್ ಅಲ್ಲ ಕಣ್ರೀ, 2.2% ಜಾಸ್ತಿ, ಅದೂ ಜೂನ್ 1ರಿಂದಲೇ ಅಂತು.

2015ರಲ್ಲಿ ಕೊನೆಗೂ ಫಾರ್ಮುಲಾ ತೆಗೆದ್ರು. ಬದಲಿಗೆ ಬಂದಿದ್ದು? ಮಾರ್ಕ್ಸ್ ಕಾರ್ಡು! ಡಾಕ್ಟ್ರಿಗೆ ನೂರಕ್ಕೆ ಎಷ್ಟು ಅಂತ ಅಂಕ, ಕಡಿಮೆ ಬಂದ್ರೆ 9% ತನಕ ಖೋತಾ, ಆ ದುಡ್ಡಲ್ಲಿ ಫಸ್ಟ್ ಕ್ಲಾಸ್ ಬಂದೋರಿಗೆ ಬೋನಸ್ಸು. ಅಜ್ಜಿ ಮಂಡಿನೋವು ಹೇಳ್ಕೊಳ್ತಿದ್ರೆ ಡಾಕ್ಟ್ರ ಕಣ್ಣು ಸ್ಕ್ರೀನ್ ಮೇಲೆ. "ಸಿಗರೇಟ್ ಸೇದ್ತೀರಾ?" "ಇಲ್ಲಪ್ಪಾ, ಮಂಡಿ..." ಟಿಕ್.

ಇಷ್ಟೆಲ್ಲಾ ಆದ್ಮೇಲೆ, 1998ರಲ್ಲಿ ಒಂದು ಯೂನಿಟ್ ಕೆಲಸಕ್ಕೆ 36.69 ಡಾಲರ್ ಕೊಡ್ತಿದ್ದ ಮೆಡಿಕೇರ್ 2025ರಲ್ಲಿ ಕೊಟ್ಟಿದ್ದು 32.35. ಬಾಡಿಗೆ, ಸ್ಟಾಫ್ ಸಂಬಳ ಎಲ್ಲಾ ಮೇಲಕ್ಕೆ, ಇದೊಂದು ಕೆಳಕ್ಕೆ. ಡಾಕ್ಟ್ರುಗಳದೇ ಒಡೆತನದ ಪ್ರಾಕ್ಟೀಸಲ್ಲಿ 2012ರಲ್ಲಿ 60% ಡಾಕ್ಟ್ರುಗಳಿದ್ರು, 2024ಕ್ಕೆ 42%. ಉಳಿದೋರಲ್ಲಿ ತುಂಬಾ ಜನ ಬೋರ್ಡು ಇಳಿಸಿ ಆಸ್ಪತ್ರೆ ನೌಕ್ರಿಗೆ ಸೇರ್ಕೊಂಡ್ರು, ಸೇಫ್ ಅಂತ. ಅಲ್ಲಿ ತಿಂಗಳ ಕೊನೆಗೆ ಎಂಬಿಎ ಮುಗಿಸಿದ ಹುಡುಗ ಶೀಟ್ ಹಿಡ್ಕೊಂಡು ಬರ್ತಾನೆ: "ಡಾಕ್ಟ್ರೇ, ಟಾರ್ಗೆಟ್ ಆಗಿಲ್ಲ. ಈ ಅಜ್ಜಿ ಮಂಡಿಗೆ ಇಪ್ಪತ್ತು ನಿಮಿಷ ಯಾಕೆ ಹಿಡೀತು?"