ನಾಲ್ಕನೇ ನಂಬರಿಗೆ ಅಂಡಮಾನ್ ಎತ್ತಂಗಡಿ

ಹಾವೇರಿ, ದಾವಣಗೆರೆ, ಚಿತ್ರದುರ್ಗದವರು ಊರು ಬಿಟ್ಟು ಕದಲಿಲ್ಲ ಅಂತ ಯಾರೂ ಹಗುರವಾಗಿ ಮಾತಾಡಬೇಡಿ. ಕಟ್ಟೆ ಬಿಟ್ಟು ಏಳದೆ ಅವರು ಮಾಡಿರುವ ಪ್ರಯಾಣ ಸಣ್ಣದಲ್ಲ. ಅಜ್ಜನ ಕಾಲದಲ್ಲಿ ಅವರ ಊರಿನ ರಸ್ತೆ ಪೂನಾದಿಂದ ಬೆಂಗಳೂರಿಗೆ ಹೋಗುತ್ತಿತ್ತು. ಅದಕ್ಕೇ ಪಿ.ಬಿ. ರೋಡ್. ಆಮೇಲೆ ಅದು ರಾಷ್ಟ್ರೀಯ ಹೆದ್ದಾರಿ 4 ಆಯಿತು. ಒಂದು ತುದಿ ಮುಂಬೈ ಪಕ್ಕದ ಠಾಣೆಗೆ, ಇನ್ನೊಂದು ಚೆನ್ನೈಗೆ. ಒಟ್ಟು 1,235 ಕಿ.ಮೀ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಬಂತು. ಅದೇ ರಸ್ತೆ ದೆಹಲಿ–ಚೆನ್ನೈ ಹೆದ್ದಾರಿ 48 ಆಯಿತು. ಉದ್ದ 2,800 ಕಿ.ಮೀ. ದಾಟಿತು. ಒಂದು ಪುಟ್ಟಿ ಜಲ್ಲಿ ಸುರಿಯದೆ ರಸ್ತೆ ಎರಡು ಪಟ್ಟಿಗೂ ಜಾಸ್ತಿ ಬೆಳೆಯಿತು. ಇಷ್ಟು ಅಗ್ಗದಲ್ಲಿ ಯಾವ ಗುತ್ತಿಗೆದಾರನೂ ಕೆಲಸ ಮಾಡಿಕೊಟ್ಟಿರಲಿಕ್ಕಿಲ್ಲ.

ಪೂನಾ ಪುಣೆ ಆಯಿತು. ಬ್ಯಾಂಗಲೋರ್ ಬೆಂಗಳೂರಾಯಿತು. ಮೊದಲಕ್ಷರ ಮಾತ್ರ ಉಳಿಯಿತು, ಹುಬ್ಬಳ್ಳಿ-ದಾವಣಗೆರೆಯ ಅಂಗಡಿ ಬೋರ್ಡುಗಳು ಬಚಾವಾದವು. ಹೆದ್ದಾರಿಯೇ ಬೈಪಾಸ್ ಹಿಡಿದು ಊರ ಹೊರಗೆ ಹೋದರೂ ಪಿ.ಬಿ. ರೋಡ್ ಪಿ.ಬಿ. ರೋಡಾಗೇ ಇದೆ. ಬೆಂಗಳೂರಿನ ಓಲ್ಡ್ ಮದ್ರಾಸ್ ರೋಡಿಗೆ ಆ ಅದೃಷ್ಟ ಇಲ್ಲ. ಮದ್ರಾಸೂ ಹೋಯಿತು, ಚೆನ್ನೈ ತುದಿಯೂ ಕೈಬಿಟ್ಟಿತು. ಕಾಗದದಲ್ಲಿ ಅದೀಗ ಹೆದ್ದಾರಿ 75, ವೆಲ್ಲೂರಿಗೆ ಮುಗಿಯುತ್ತದೆ. ಚೆನ್ನೈಗೆ ಹೋಗುವ 48 ಹೊಸೂರಿನ ಕಡೆ ತಿರುಗಿಕೊಂಡಿದೆ.

ಹೊಸ ನಂಬರಿನ ಹಿಂದೆ ಲೆಕ್ಕಾಚಾರ ಇಲ್ಲ ಅಂತಲ್ಲ. ಉತ್ತರ-ದಕ್ಷಿಣ ಹೋಗುವ ರಸ್ತೆಗೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಏರುತ್ತದೆ. ಪೂರ್ವ-ಪಶ್ಚಿಮ ಹೋಗುವ ರಸ್ತೆಗೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಇವುಗಳಿಂದ ಕವಲೊಡೆದದ್ದಕ್ಕೆ ಮೂರಂಕಿ. ಬಹಳ ಚಂದದ ವ್ಯವಸ್ಥೆ. ಹೆಲಿಕಾಪ್ಟರಿನಲ್ಲಿ ಕೂತು ಕೆಳಗೆ ನೋಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ಲಾರಿಯಲ್ಲಿ ಕೂತವರು ಇವತ್ತಿಗೂ ‘ಎನ್ಎಚ್ ಫೋರ್’ ಅಂತಲೇ ಹೇಳುತ್ತಾರೆ.

ಹಾಗಾದರೆ ಆ ನಾಲ್ಕು ಎಲ್ಲಿಗೆ ಹೋಯಿತು? ಅಂಡಮಾನಿಗೆ. ತಮಾಷೆಯಲ್ಲ. ತುಮಕೂರು, ಶಿರಾ, ಹಿರಿಯೂರಿನಲ್ಲಿ ದಶಕಗಟ್ಟಲೆ ಸೇವೆ ಮಾಡಿದ ನಂಬರು, ಮೇಲಿನವರ ಕಣ್ಣಿಗೆ ಬಿದ್ದ ಗುಮಾಸ್ತನ ಹಾಗೆ, ಸಮುದ್ರದಾಚೆ ಎತ್ತಂಗಡಿಯಾಯಿತು. ಬ್ರಿಟಿಷರಾದರೂ ಕರಿನೀರಿನ ಶಿಕ್ಷೆ ಕೊಡುವ ಮೊದಲು ವಿಚಾರಣೆ ಮಾಡುತ್ತಿದ್ದರು. ಅದು ಅಲ್ಲಿ ಪೋರ್ಟ್ ಬ್ಲೇರ್ ಸೇರಿ ನೆಲೆ ನಿಂತಿತು ಅನ್ನುವಷ್ಟರಲ್ಲಿ 2024ರಲ್ಲಿ ಊರಿನ ಹೆಸರೇ ಶ್ರೀ ವಿಜಯಪುರಂ ಆಯಿತು. ಪಾಪ, ಆ ನಂಬರಿನ ಗ್ರಹಚಾರವೇ ಸರಿಯಿಲ್ಲ.

ಉಳಿದವರಿಗೂ ಒಳ್ಳೆಯ ಪೋಸ್ಟಿಂಗ್ ಸಿಗಲಿಲ್ಲ. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಯಲ್ಲಿ ಬೆಳೆದ 17 ಈಗ ಗುವಾಹಟಿ ಕಡೆ ಇದೆ. ಅದರ ಜಾಗಕ್ಕೆ ಬಂದ 66 ಪನ್ವೇಲಿನಿಂದ ಹೊರಟು ಕೊಚ್ಚಿಗೆ ನಿಲ್ಲದೆ ಕನ್ಯಾಕುಮಾರಿ ತನಕ ಹೋಗುತ್ತದೆ. ವಾರಾಣಸಿಯಿಂದ ದೇವನಹಳ್ಳಿ ಮೇಲೆ ಕನ್ಯಾಕುಮಾರಿಗೆ ಹೋಗುತ್ತಿದ್ದ 7 ಪಂಜಾಬಿನಲ್ಲಿ ಡ್ಯೂಟಿಗೆ ಹಾಜರಾಗಿ ಬದರಿನಾಥದ ಆಚೆ ಮಾಣಾ ಗ್ರಾಮದ ತನಕ ಓಡಾಡುತ್ತಿದೆ. ವಿಜಯಪುರದ ಬಿಸಿಲು ಕಂಡ 13ಕ್ಕೆ ಅರುಣಾಚಲ ಸಿಕ್ಕಿತು. ಅದಕ್ಕೆ ಸ್ವೆಟರ್ ಕೊಟ್ಟರೋ ಇಲ್ಲವೋ.

ಆದರೆ ನಿಜವಾದ ಕೈಚಳಕ ನೋಡಬೇಕೆಂದರೆ ನೆಲಮಂಗಲಕ್ಕೆ ಬನ್ನಿ. ಮೊದಲು ಇಲ್ಲಿ ನೇರ ಹೋದರೆ 4, ಹಾಸನದ ಕಡೆ ತಿರುಗಿದರೆ 48. ಆ 48 ಹಿಡಿದರೆ ಮಂಗಳೂರು. ಈಗ ನೇರ ಹೋಗುವುದೇ 48, ಹಾಸನದ ಕಡೆಯದು 75. ಅಂದರೆ, ‘48 ಹಿಡಿದು ಬಾರೋ ತಮ್ಮ, ಮಂಗಳೂರು ಬರುತ್ತೆ’ ಅಂತ ಹಿಂದೆ ದಾರಿ ಹೇಳಿಸಿಕೊಂಡವನು ಈಗ ಹೊರಟರೆ ಹುಬ್ಬಳ್ಳಿ ಸೇರುತ್ತಾನೆ. ಮೀನೂಟದ ಆಸೆ ಇಟ್ಟುಕೊಂಡು ಹೊರಟವನಿಗೆ ಗಿರ್ಮಿಟ್ಟು. ದೇಶದಲ್ಲಿ ಇಷ್ಟೊಂದು ಸಂಖ್ಯೆಗಳಿರುವಾಗ ಈ 48 ಅನ್ನೇ ತಂದು ಪಕ್ಕದ ರಸ್ತೆಗೆ ಅಂಟಿಸಿದ ಸೂತ್ರಕ್ಕೆ ಕೈಮುಗಿಯಬೇಕು.

ಮತ್ತೆ, 75 ಹಿಡಿದವನಾದರೂ ಮಂಗಳೂರು ಸೇರುತ್ತಾನಾ? ಇಲ್ಲ. ಕಾಗದದ ಪ್ರಕಾರ ಅದರ ತುದಿ ಬಂಟ್ವಾಳ. ಬೆಂಗಳೂರಿನಿಂದ ಮೈಸೂರು, ಮಡಿಕೇರಿ, ಪುತ್ತೂರಿನ ಮೇಲೆ ಬರುವ 275ರ ತುದಿಯೂ ಅದೇ ಬಂಟ್ವಾಳ. ಅಲ್ಲಿಂದ ಮಂಗಳೂರಿಗೆ ಬೇಕಾದರೆ ಚಾರ್ಮಾಡಿ ಘಾಟಿ ಇಳಿದು ಬಂದ 73ರ ಹಿಂದೆ ಹೋಗಬೇಕು. ಯಾರೂ ಕೇಳಿಕೊಳ್ಳದೆ ಬಿ.ಸಿ. ರೋಡಿಗೆ, ಅಂದರೆ ಬಂಟ್ವಾಳ ಕ್ರಾಸ್ ರೋಡಿಗೆ, ಇಂಥ ಪಟ್ಟ ಬಂದಿದೆ. ಬಂದರು ಇರುವುದು ಮಂಗಳೂರಿನಲ್ಲಿ, ಹೆದ್ದಾರಿಗಳು ಮುಗಿಯುವುದು ಬಂಟ್ವಾಳದಲ್ಲಿ! 75ರ ಕವಲು ಅಂದರೆ ಅದರ ಮಗ 275. ಅಪ್ಪ ಶಿರಾಡಿ ಘಾಟಿ ಇಳಿಯುತ್ತಾನೆ, ಮಗ ಸಂಪಾಜೆ ಘಾಟಿ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜರಿದು ಅಪ್ಪ-ಮಗ ಇಬ್ಬರೂ ಒಟ್ಟಿಗೆ ಮಲಗಿದರು. ಗುಡ್ಡಕ್ಕೆ ಹೊಸ ನಂಬರಿನ ಗೆಜೆಟ್ ತಲುಪಿರಲಿಲ್ಲ ಅಂತ ಕಾಣುತ್ತದೆ.

ಹೆದ್ದಾರಿಯ ತುದಿ ಎಲ್ಲಿದೆ ಅನ್ನುವ ಪ್ರಶ್ನೆಯನ್ನು ನಮ್ಮ ಸರ್ಕಾರಗಳು ಗಂಭೀರವಾಗಿ ತಲೆಗೆ ಹಚ್ಚಿಕೊಂಡದ್ದು ಒಂದೇ ಸಲ. 2016ರ ಡಿಸೆಂಬರಿನಲ್ಲಿ, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನ ಎಂ.ಜಿ. ರಸ್ತೆಯ ಆಸುಪಾಸು 2017ರ ಜುಲೈ 1ರಂದು ಬಾರುಗಳ ಬಾಗಿಲು ಬಿತ್ತು. ತಾವು ಇಷ್ಟು ವರ್ಷ ಕೂತು ಗುಟುಕರಿಸಿದ್ದು ಹೆದ್ದಾರಿ ಪಕ್ಕದಲ್ಲಿ ಅಂತ ಅಲ್ಲಿನ ಗಿರಾಕಿಗಳಿಗೆ ಗೊತ್ತಾಗಿದ್ದೇ ಆವತ್ತು. ಅಷ್ಟರಲ್ಲಿ ಹಲವು ರಾಜ್ಯಗಳಲ್ಲಿ ಒಂದು ಪವಾಡ ನಡೆದಿತ್ತು. ಊರೊಳಗಿನ ಹೆದ್ದಾರಿ ತುಂಡುಗಳು ಇದ್ದಕ್ಕಿದ್ದಂತೆ ಜಿಲ್ಲಾ ರಸ್ತೆ, ನಗರ ರಸ್ತೆಗಳಾದವು. ಗುಂಡಿ ಮುಚ್ಚಿ ಅಂತ ಅರ್ಜಿ ಕೊಟ್ಟರೆ, ‘ಇದು ಯಾರ ವ್ಯಾಪ್ತಿ’ ಎಂದು ವರ್ಷಗಟ್ಟಲೆ ಫೈಲು ಓಡಾಡಿಸುವವರು, ಬಾಟಲಿ ವಿಷಯ ಬಂದಾಗ ಸರಸರನೆ ವ್ಯಾಪ್ತಿ ನಿರ್ಧರಿಸಿದರು. ಸಿಬ್ಬಂದಿ ಕೊರತೆ ಅನ್ನೋದೆಲ್ಲ ಸುಮ್ನೆ ನೆಪ, ಅಲ್ವಾ?

ಇನ್ನು ಬೆಂಗಳೂರು–ಮೈಸೂರು. 2023ರ ಮಾರ್ಚಿನಲ್ಲಿ 118 ಕಿ.ಮೀ. ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಇನ್ನು 75 ನಿಮಿಷ ಎಂದರು. ಮೆಜೆಸ್ಟಿಕ್ಕಿನಿಂದ ಕೆಂಗೇರಿ ದಾಟುವಷ್ಟರಲ್ಲೇ ಅದು ಖರ್ಚಾಯಿತು ಅಂತ ಕೆಲವರು ಗೊಣಗುತ್ತಾರೆ. ಅವರಿಗೆ ತುದಿಯ ಮಹಿಮೆ ಗೊತ್ತಿಲ್ಲ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಂಪುಟ ಒಪ್ಪಿತು. ಹಾಗಾಗಿ ಈಗ ಚನ್ನಪಟ್ಟಣ ದಾಟುವವರೆಗೂ ನೀವು ಬೆಂಗಳೂರಿನಲ್ಲೇ ಇದ್ದೀರಿ. ಬೆಂಗಳೂರು–ಮೈಸೂರು ಪ್ರಯಾಣ ಶುರುವಾಗುವುದೇ ನಿಡಘಟ್ಟದ ಹತ್ತಿರ. ಅಲ್ಲಿಂದ ಮೈಸೂರಿಗೆ 61 ಕಿ.ಮೀ. ಗಂಟೆಗೆ ನೂರರ ಮಿತಿ ಮೀರದೆ ಹೋದರೂ 37 ನಿಮಿಷ ಸಾಕು. ಮದ್ದೂರು ತಾಲ್ಲೂಕನ್ನೂ ಬೆಂಗಳೂರಿಗೆ ಸೇರಿಸಿಬಿಟ್ಟರೆ ಅರ್ಧ ಗಂಟೆಯೊಳಗೆ ತರಬಹುದು, ವಡೆಯೂ ಬೆಂಗಳೂರಿನ ಲೆಕ್ಕಕ್ಕೆ ಬರುತ್ತದೆ.