ಬಾಯಿ ಬಿಡದ ಸಿಡಿ ಡ್ರೈವು

ಅಕ್ಕ ಫೋನ್ ಮಾಡಿ "ಲೋ, ಈ ತಿಂಗಳಿಗೆ ನಮ್ಮ ಮದುವೆ ಆಗಿ 20 ವರ್ಷ, ಮಕ್ಕಳು ವಿಡಿಯೋ ನೋಡ್ಬೇಕು ಅಂತ ಪ್ರಾಣ ತಿಂತಿದಾರೆ, ಆ ಸಿಡಿನ ಪೆನ್‌ಡ್ರೈವ್‌ಗೆ ಹಾಕ್ಕೊಡೋ" ಅಂದ್ಲು. ಹತ್ತು ನಿಮಿಷದ ಕೆಲ್ಸ ಬಿಡು ಅಂದ್ಬಿಟ್ಟೆ. ಸಿಡಿ ಅಮ್ಮನ ಬೀರುವಲ್ಲಿ ರೇಷ್ಮೆ ಸೀರೆಗಳ ನಡುವೆ ಭದ್ರವಾಗಿತ್ತು. ಆದ್ರೆ ನನ್ನ ಲ್ಯಾಪ್‌ಟಾಪನ್ನ ಎಷ್ಟು ತಿರುಗಿಸಿ ನೋಡಿದ್ರೂ ಅದನ್ನ ತುರುಕೋಕೆ ಜಾಗ ಇಲ್ಲ. ಅಮ್ಮ ಬೇರೆ "ಇಷ್ಟು ದುಡ್ಡು ಕೊಟ್ಟು ಬಾಯೇ ಇಲ್ಲದ್ದನ್ನ ತಂದಿದೀಯ" ಅಂದ್ರು.

ಸರಿ ಅಂತ ಅಟ್ಟ ಹತ್ತಿ 2004ರ ಅಸೆಂಬಲ್ಡ್ ಡೆಸ್ಕ್‌ಟಾಪ್ ಇಳಿಸಿದೆ. ಪೆಂಟಿಯಮ್ 4, 256 ಎಂಬಿ ರ್‍ಯಾಮು, 40 ಜಿಬಿ ಹಾರ್ಡ್‌ಡಿಸ್ಕು, ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ನಾವೇ ಶ್ರೀಮಂತರು! ಧೂಳು ಹೊಡೆದು ಟಿವಿ ಹಿಂದೆ ಇದ್ದ ವಿಜಿಎ ಪೋರ್ಟಿಗೆ ಸಿಕ್ಕಿಸಿ ಆನ್ ಮಾಡಿದ್ರೆ ತಾರೀಖು ಜನವರಿ 1, 2002 ಅಂತ ತೋರಿಸ್ತು. ಒಳಗಿನ ಗಡಿಯಾರ ನಡೆಸೋ, ಮದರ್‌ಬೋರ್ಡಿನ ನಾಣ್ಯದ ಥರದ ಬ್ಯಾಟರಿ ಸತ್ತಿತ್ತು. ಕಂಪ್ಯೂಟರ್ ಲೆಕ್ಕದಲ್ಲಿ ಅಕ್ಕನಿಗಿನ್ನೂ ಗಂಡು ನೋಡೋಕೇ ಶುರು ಮಾಡಿಲ್ಲ.

ಎಫ್1 ಒತ್ತಿ ಮುಂದೆ ಹೋದೆ. ಸಿಡಿ ಡ್ರೈವಿನ ಬಟನ್ ಒತ್ತಿದ್ರೆ ಹಸಿರು ಲೈಟು ಮಿಣುಕ್ತು, ಒಳಗೆ ಏನೋ ಗುರ್ ಅಂತು, ಟ್ರೇ ಮಾತ್ರ ಬರ್ಲಿಲ್ಲ. ಹಳೇ ಡ್ರೈವುಗಳ ಮುಖದ ಮೇಲೆ ಒಂದು ಸೂಜಿಗಣ್ಣಿನಷ್ಟು ತೂತು ಇರತ್ತೆ ನೋಡಿ, ಕಂಪ್ಯೂಟರ್ ಆಫ್ ಮಾಡಿ ಅದರೊಳಗೆ ತಂತಿ ತೂರಿಸಿ ಒತ್ತಿದ್ರೆ ಟ್ರೇ ಹೊರಗೆ ಬರತ್ತೆ. ಇದು ಎಲ್ಲರಿಗೂ ಗೊತ್ತು, ಸರಿಯಾದ ತಂತಿ ಮಾತ್ರ ಯಾರ ಮನೇಲೂ ಇರಲ್ಲ. ಮೊಬೈಲ್ ಸಿಮ್ ತೆಗೆಯೋ ಪಿನ್ ತಂದೆ, ಗಿಡ್ಡ ಆಯ್ತು. ಅಮ್ಮನ ಹೇರ್‌ಪಿನ್ ದಪ್ಪ. ಆಮೇಲೆ ನನ್ನ ತಲೆಗೆ ಅದೇನು ಹೊಳೀತೋ, ದೇವರ ಮನೆಯಿಂದ ಊದುಬತ್ತಿ ಕಡ್ಡಿ ತಂದು ಚುಚ್ಚಿದೆ, ಅದು ಅರ್ಧಕ್ಕೆ ಮುರಿದು ಒಳಗೇ ಉಳೀತು. ಡ್ರೈವ್ ಬಿಚ್ಚಿ ತಲೆಕೆಳಗೆ ಮಾಡಿ ಅಲ್ಲಾಡಿಸಿ ಕಡ್ಡಿ ಬೀಳಿಸೋಕೆ ಅರ್ಧ ಗಂಟೆ, ಕೊನೆಗೆ ಅಪ್ಪನ ಪೆನ್ಷನ್ ಫೈಲಿನ ಜೆಮ್ ಕ್ಲಿಪ್ ನೆಟ್ಟಗೆ ಮಾಡಿ ಚುಚ್ಚಿದಾಗ ಟ್ರೇ ಎರಡು ಬೆರಳಷ್ಟು ಈಚೆ ಬಂತು.

ಒಳಗೆ ನೋಡಿದ್ರೆ ಮೋಟರಿಂದ ಗಿಯರಿಗೆ ಹೋಗೋ ಸಣ್ಣ ರಬ್ಬರ್ ಬೆಲ್ಟು ಸಡಿಲ ಆಗಿ ಜಾರ್ತಿತ್ತು. ಇಂಥದ್ದನ್ನ ಬಿಸಿನೀರಲ್ಲಿ ಹಾಕಿದ್ರೆ ಒಂದಷ್ಟು ದಿನ ಬಿಗಿ ಆಗತ್ತೆ, ಹಾಗಾಗಿ ಅದನ್ನ ಪುಟ್ಟ ಪಾತ್ರೆಗೆ ಹಾಕಿ ಸಾರಿನ ಪಕ್ಕದ ಒಲೆ ಮೇಲೆ ಕುದಿಯೋಕಿಟ್ಟೆ. ಅಮ್ಮ ಇಣುಕಿ ನೋಡಿ "ಉಪ್ಪು ಹಾಕ್ಲೇನೋ?" ಅಂದ್ರು.

ಸಿಡಿ ಓದೋ ಲೆನ್ಸಿನ ಮೇಲೆ ಕೆಂಪಗೆ ಏನೋ ಇತ್ತು. ಕುಂಕುಮ! ಯಾವುದೋ ಆಯುಧ ಪೂಜೇಲಿ, ಸ್ಕೂಟರಿಗೆ ಹಾಕಿದ ಹಾಗೆ ಇದಕ್ಕೂ ಬಾಯಿ ತೆರೆಸಿ ಹಾಕಿದಾರೆ ಅಮ್ಮ. "ದೇವರ ದಯದಿಂದ ಇಷ್ಟು ವರ್ಷ ಬಾಳ್ತು ನೋಡು" ಅಂತ ಅದಕ್ಕೂ ಸಮಜಾಯಿಷಿ ಕೊಟ್ರು.

ಇಯರ್ ಬಡ್‌ನಿಂದ ಒರೆಸಿ, ಬೆಲ್ಟ್ ಹಾಕಿ, ಸಿಡಿ ಇಟ್ಟೆ. ಡ್ರೈವಿನ ಮೇಲೆ 52ಎಕ್ಸ್ ಅಂತ ಬರೆದಿರೋದು ಸುಮ್ನೆ ಅಲ್ಲ. 1ಎಕ್ಸ್ ಅಂದ್ರೆ ಸೆಕೆಂಡಿಗೆ 150 ಕೆಬಿ ಓದೋ ವೇಗ, ಅದರ 52 ಪಟ್ಟು ಅಂದ್ರೆ ಪೂರ್ತಿ ವೇಗದಲ್ಲಿ ಸಿಡಿ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗತ್ತೆ. ಸದ್ದು ಹಿಟ್ಟಿನ ಗಿರಣಿ ಥರ, ಕ್ಯಾಬಿನೆಟ್ಟೇ ಅದುರ್ತಿತ್ತು, ಅಪ್ಪ ಮಿಕ್ಸಿ ಆಫ್ ಮಾಡ್ರೋ ಅಂತ ರೂಮಿಂದ ಕೂಗಿದ್ರು.

ಮೂರು ಫೈಲಿತ್ತು. ಎರಡು ಕಾಪಿ ಆಯ್ತು, ಮೂರನೇದು 80 ಪರ್ಸೆಂಟಿಗೆ ನಿಂತು ಸೈಕ್ಲಿಕ್ ರಿಡಂಡೆನ್ಸಿ, ಅಂದ್ರೆ ಡೇಟಾ ಸರಿಯಾಗಿ ಓದೋಕಾಗ್ತಿಲ್ಲ ಅಂತ ಬೈದು ಕೈ ಎತ್ತಿಬಿಡ್ತು. ಸಿಡಿನ ಒಳಗಿಂದ ಅಂಚಿನ ಕಡೆಗೆ ಓದೋದು, ನಾವೆಲ್ಲ ಹಿಡಿಯೋದು ಅಂಚನ್ನೇ, ಹಂಗಾಗಿ ಕೊನೇ ಭಾಗವೇ ಹಾಳಾಗಿತ್ತು. ನಾಲ್ಕು ಸಲ ಮಾಡಿ ನೋಡ್ದೆ, ಬರ್ಲಿಲ್ಲ.

ಅಕ್ಕನಿಗೆ ಹೇಳಿದೆ, ಧಾರೆ, ಮಾಂಗಲ್ಯ, ಆರತಕ್ಷತೆ ಎಲ್ಲ ಬಂದಿದೆ, ಊಟದ ಪಂಕ್ತಿ ಮಾತ್ರ ಹೋಯ್ತು ಅಂತ. ಅವಳು "ಹೋಗ್ಲಿ ಬಿಡು, ಮುಖ್ಯವಾದ್ದು ಬಂತಲ್ಲ" ಅಂದ್ಲು. ಹಿಂದಿನಿಂದ ಭಾವನ ದನಿ ಕೇಳಿಸ್ತು, "ಅಯ್ಯೋ, ನಾನು ನೋಡ್ಬೇಕು ಅಂತಿದ್ದಿದ್ದು ಅದೊಂದೇ ಕಣೇ, ಹೋಳಿಗೆ ನನ್ನ ಎಲೆಗೆ ಹಾಕಿದ್ರೋ ಇಲ್ವೋ ಅಂತ ಇವತ್ತಿಗೂ ಡೌಟು."