ಲಗ್ನ ನೋಡಿ ಲೆಫ್ಟ್ ಬ್ಯಾಕ್

ಆಡುವ ಹನ್ನೊಂದು ಮಂದಿಯನ್ನು ಆರಿಸಲು ಫುಟ್‌ಬಾಲ್ ಕೋಚ್‌ಗೆ ಏನೇನು ಬೇಕು? ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೊ, ಯಾರು ಎಷ್ಟು ಓಡಿದರೆಂಬ ಜಿಪಿಎಸ್ ಲೆಕ್ಕ, ಫಿಜಿಯೊ ಕೊಡುವ ಗಾಯಾಳುಗಳ ಪಟ್ಟಿ. ನಮ್ಮಲ್ಲಿ ಇವುಗಳ ಜತೆಗೆ ಪಂಚಾಂಗವೂ ಸೇರಿಕೊಂಡಿತು. 2022ರ ಏಷ್ಯನ್ ಕಪ್ ಅರ್ಹತಾ ಸುತ್ತಿನ ಹೊತ್ತಿಗೆ ರಾಷ್ಟ್ರೀಯ ತಂಡಕ್ಕಾಗಿ ಜ್ಯೋತಿಷ ಸಂಸ್ಥೆಯೊಂದಕ್ಕೆ 16 ಲಕ್ಷ ರೂಪಾಯಿ ಗುತ್ತಿಗೆ ಕೊಟ್ಟ ಸುದ್ದಿ ಬಂತು. ಅಫ್ಘಾನಿಸ್ತಾನದ ಪಂದ್ಯಕ್ಕೆ ಮುನ್ನ ಕೋಚ್ ಇಗೊರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನೇ ಜ್ಯೋತಿಷಿಗೆ ಕಳಿಸಿದ್ದರು ಎಂದು ಮರುವರ್ಷ ಪತ್ರಿಕೆಯೊಂದು ವರದಿ ಮಾಡಿತು. ಪಟ್ಟಿ ಷರಾ ಸಮೇತ ವಾಪಸ್ ಬಂತಂತೆ: ಒಬ್ಬನಿಗೆ ಚೆನ್ನಾಗಿದೆ, ಇನ್ನೊಬ್ಬನಿಗೆ ಅತಿಯಾದ ಆತ್ಮವಿಶ್ವಾಸ ಬೇಡ, ಮತ್ತೊಬ್ಬ ಈ ದಿನಕ್ಕೆ ಬೇಡವೇ ಬೇಡ. ಮೊಣಕಾಲು ನೆಟ್ಟಗಿದ್ದರೆ ಸಾಲದು, ಗೋಚಾರವೂ ನೆಟ್ಟಗಿರಬೇಕು.

ಹಾಗಿದ್ದ ಮೇಲೆ ಆ ಪಂದ್ಯದ ವಿಶ್ಲೇಷಣೆಯೂ ಈ ಹೊಸ ಶಾಸ್ತ್ರದ ಪ್ರಕಾರವೇ ಆಗಬೇಕು. ಜೂನ್ 11, ಕೋಲ್ಕತ್ತದ ಸಾಲ್ಟ್ ಲೇಕ್. 86ನೇ ನಿಮಿಷದಲ್ಲಿ ನಮ್ಮ ನಾಯಕ ಸುನಿಲ್ ಛೆಟ್ರಿ ಫ್ರೀ ಕಿಕ್ ಸೀದಾ ಗೋಲಿಗೆ. ಎರಡೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಅಫ್ಘಾನಿಸ್ತಾನದ ಜುಬೈರ್ ಅಮಿರಿ ತಲೆ ಕೊಟ್ಟು 1–1. ಹಳೇ ಕಾಲದ ಕೋಚ್ ಆಗಿದ್ದರೆ ಟೇಪ್ ಹಿಂದಕ್ಕೆ ತಿರುಗಿಸಿ, ಹತ್ತಿರದ ಕಂಬ ಯಾರ ಜವಾಬ್ದಾರಿ, ಅಮಿರಿ ಜತೆ ನೆಗೆಯಬೇಕಿದ್ದವನು ಎಲ್ಲಿದ್ದ, ಗೋಲಿನ ಸಂಭ್ರಮದಲ್ಲಿ ಮಾರ್ಕಿಂಗ್ ಮರೆತರೋ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದ. ಈಗ ಒಂದೇ ಪ್ರಶ್ನೆ: ಆಗ ಯಾವ ಹೋರೆ ನಡೆಯುತ್ತಿತ್ತು? ಇಂಜುರಿ ಟೈಮಿನಲ್ಲಿ ಪಂದ್ಯ ಗೆಲ್ಲಿಸಿದ್ದು ಬದಲಿ ಆಟಗಾರನಾಗಿ ಇಳಿದಿದ್ದ ಸಹಲ್ ಅಬ್ದುಲ್ ಸಮದ್. ಗ್ರಹ ನೋಡಿ ಹನ್ನೊಂದು ಮಂದಿಯನ್ನು ಕಟ್ಟಿದ್ದು, ಗೋಲು ಬಂದದ್ದು ಬೆಂಚಿನಿಂದ.

ಇನ್ನು 2024ರ ಜನವರಿ, ಕತಾರಿನಲ್ಲಿ ಏಷ್ಯನ್ ಕಪ್. ಮೂರು ಪಂದ್ಯ, ಮೂರೂ ಸೋಲು, ಹೊಡೆಸಿಕೊಂಡದ್ದು ಆರು, ಹೊಡೆದದ್ದು ಸೊನ್ನೆ. ಅಲ್ಲಿಯೂ ಪಂಚಾಂಗ ನೋಡಿದ್ದರೇ ಎಂಬ ಚರ್ಚೆ ಅನಗತ್ಯ. ನೋಡಿರದಿದ್ದರೆ ಸೋಲಿಗೆ ಅದೇ ಕಾರಣ, ನೋಡಿದ್ದರೆ ಗಣಿತದಲ್ಲಿ ದೋಷ. ಈ ಸವಲತ್ತು ಜಿಪಿಎಸ್‌ಗೆ ಇಲ್ಲ.

ಆಸ್ಟ್ರೇಲಿಯಾ ವಿರುದ್ಧ ವಿರಾಮದವರೆಗೆ ಹಿಂದೆ ಸರಿದು, ಸಾಲು ಬಿಗಿ ಮಾಡಿಕೊಂಡು 0–0 ಉಳಿಸಿಕೊಂಡರು. 50ನೇ ನಿಮಿಷದಲ್ಲಿ ಕ್ರಾಸ್ ಬಂತು. ಕೀಪರ್ ತಳ್ಳುವ ಚೆಂಡು ಬದಿಗೆ, ಟಚ್‌ಲೈನ್ ಕಡೆಗೆ ಹೋಗಬೇಕು. ಗುರುಪ್ರೀತ್ ತಳ್ಳಿದ್ದು ಪೆನಾಲ್ಟಿ ಬಾಕ್ಸಿನೊಳಗೇ, ಜಾಕ್ಸನ್ ಇರ್ವಿನ್ ಎಡಗಾಲ ಮುಂದೆ. ಉಜ್ಬೆಕಿಸ್ತಾನಕ್ಕೆ ಅಷ್ಟು ಹೊತ್ತೂ ಬೇಕಾಗಲಿಲ್ಲ: ನಾಲ್ಕನೇ ನಿಮಿಷದಲ್ಲೇ ಒಂದು, ವಿರಾಮದೊಳಗೆ ಮೂರು. ಡಿಫೆನ್ಸ್‌ನಿಂದ ಹೊರಟ ಚೆಂಡು ಛೆಟ್ರಿಯನ್ನು ತಲುಪಬೇಕಾದರೆ ನಡುವೆ ಕೈಬದಲಾಯಿಸಲು, ಅಂದರೆ ಕಾಲುಬದಲಾಯಿಸಲು, ಜನ ಬೇಕು. ನಮ್ಮ ಕಡೆಯ ಕುಂಡಲಿ ಬರೆದು ನೋಡಿ: ಸುತ್ತ ಹನ್ನೆರಡು ಮನೆ, ನಡುವೆ ಖಾಲಿ ಚೌಕ. ನಮ್ಮ ಮಿಡ್‌ಫೀಲ್ಡ್ ಶಾಸ್ತ್ರೋಕ್ತವಾಗಿಯೇ ಇತ್ತು.

ನಿಜವಾದ ತಾಂತ್ರಿಕ ತೊಡಕು ಕಾಣುವುದು ಸಿರಿಯಾ ಪಂದ್ಯದಲ್ಲಿ. ಜನವರಿ 23, ಮಂಗಳವಾರ. ಸ್ಥೂಲ ಲೆಕ್ಕದಲ್ಲಿ ಮಂಗಳವಾರದ ರಾಹುಕಾಲ 3ರಿಂದ 4:30. ಪಂದ್ಯ ಶುರುವಾದದ್ದು ಭಾರತದ ಸಮಯ ಸಂಜೆ 5ಕ್ಕೆ, ಅಂದರೆ ರಾಹು ಡ್ಯೂಟಿ ಮುಗಿಸಿ ಹೋದ ಮೇಲೆ. ಆದರೆ ಕತಾರಿನ ಗಡಿಯಾರದಲ್ಲಿ ಆಗ 2:30. ಮೊದಲ ಅರ್ಧ ಗಂಟೆ ಬಿಟ್ಟರೆ ಆಟವೆಲ್ಲ ರಾಹುಕಾಲವೇ! 76ನೇ ನಿಮಿಷದಲ್ಲಿ ಒಮರ್ ಖ್ರಿಬಿನ್ ಗೋಲು ಹೊಡೆದಾಗ ಅಲ್ಲಿ ನಾಲ್ಕು ದಾಟಿತ್ತು. ಯಾವ ಊರಿನ ಗಡಿಯಾರ ನೋಡಬೇಕೆಂಬ ಷರತ್ತು 16 ಲಕ್ಷದ ಕರಾರಿನಲ್ಲಿ ಬರೆಸಿರಲೇಬೇಕಿತ್ತು.

ಅದೇ ಮೈದಾನ, ಅದೇ ರಾಹು, ಆದರೂ ಸಿರಿಯಾ ಆ ಒಂದು ಗೋಲಿನಿಂದ ಏಷ್ಯನ್ ಕಪ್ ಚರಿತ್ರೆಯಲ್ಲಿ ಮೊದಲ ಸಲ ನಾಕೌಟ್ ತಲುಪಿತು. ಅವರು ಯಾವ ಪಂಚಾಂಗ ತರಿಸುತ್ತಾರೆಂದು ವಿಚಾರಿಸಿ, ಮುಂದಿನ ಟೆಂಡರ್ ಕರೆಯುವಾಗ ಅದನ್ನೇ ನಮೂದಿಸಿದರಾಯಿತು.